ಹಳತೆಂಬುದು ಅಪರಾಧವೇ?

ಕೆಟ್ಟಿರದ ಗಣಕಯಂತ್ರವನ್ನು ಹಳತಾಯಿತೆಂಬ ಒಂದೇ ಕಾರಣಕ್ಕೆ ಗುಜರಿಗೆ ಹಾಕುವುದನ್ನು ಪ್ರಗತಿಯೆನ್ನಲಾಗದು. ಯಂತ್ರದ ಸ್ಮೃತಿಕೋಶವನ್ನೂ ಸಮಯವನ್ನೂ ಇತರ ತಂತ್ರಾಂಶಗಳಿಗೆ ಹಂಚಿಕೊಡುವ ಮೂಲ ತಂತ್ರಾಂಶವೇ ಕರ್ನೆಲ್. ಅದು ಕೈಬಿಟ್ಟರೆ ಗಟ್ಟಿಮುಟ್ಟಾದ ಯಂತ್ರವೂ ಕ್ರಮೇಣ ನಿರುಪಯೋಗಿಯಾಗುತ್ತದೆ.

1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಲಿನಕ್ಸನ್ನು ಕಟ್ಟಿದ್ದು ಇಂಟೆಲ್ 386ರ ಮೇಲೆಯೇ. ಅದೇ ಲಿನಕ್ಸ್ 2012ರ ಡಿಸೆಂಬರಿನಲ್ಲಿ 386ಕ್ಕೆ ಬಾಗಿಲು ಮುಚ್ಚಿತು. ಆ ಚಿಪ್ಪಿನ ಕೊರತೆಗಳನ್ನು ತುಂಬಲೆಂದೇ ಬರೆದ ಭಾಗಗಳು ಪಾಲಕರಿಗೆ ಹೊರೆಯಾಗಿದ್ದುದು ನಿಜ. ಅವರನ್ನು ದೂಷಿಸುವುದು ನ್ಯಾಯವಲ್ಲ. ದೂಷಣೆಗೆ ಅರ್ಹವಾದದ್ದು, ಅಂಥ ಹೊರೆಯನ್ನು ತಾವಾಗಿ ಹೊತ್ತವರನ್ನು ಕಂಡು ನಗುವ ಬುದ್ಧಿ.

1978ರ 8086 ಚಿಪ್ಪಿಗೆಂದು 1990ರ ದಶಕದಲ್ಲಿ ಆರಂಭವಾದ ‘ಎಲ್ಕ್ಸ್’ ಎಂಬ ಕಿರು ಕರ್ನೆಲನ್ನು ಕೆಲವರು ಇಂದಿಗೂ ಪಾಲಿಸುತ್ತಿದ್ದಾರೆ. ಒಂದು ತಂತ್ರಾಂಶ ಮತ್ತೊಂದರ ಸ್ಮೃತಿಯನ್ನು ಕೆಡಿಸದಂತೆ ತಡೆಯುವ ಏರ್ಪಾಡೇ ಆ ಚಿಪ್ಪಿನಲ್ಲಿಲ್ಲ. ಅದರ ಕೈಗೆಟಕುವ ಸ್ಮೃತಿ ಒಟ್ಟು 1 ಮೆಗಾಬೈಟ್. ಅಲ್ಲಿ ಬೈಟುಬೈಟಿಗೂ ಲೆಕ್ಕವಿಡಬೇಕು. ಇದನ್ನು ಹವ್ಯಾಸಿಗಳ ಕಾಲಹರಣವೆನ್ನುವವರು, ಮಿತದಲ್ಲಿ ಕೆಲಸ ಸಾಗಿಸುವ ವಿದ್ಯೆ ಇನ್ನೆಲ್ಲಿ ಉಳಿದಿದೆಯೆಂಬುದನ್ನು ತೋರಿಸಲಿ.

2021ರಲ್ಲಿ ಬಂದ ವಿಂಡೋಸ್ 11, ಅಂದು ನಾಲ್ಕೈದು ವರ್ಷವಷ್ಟೇ ದುಡಿದಿದ್ದ ಅನೇಕ ಯಂತ್ರಗಳನ್ನೂ ತನ್ನ ಪಟ್ಟಿಯಿಂದ ಹೊರಗಿಟ್ಟಿತು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲವೂ ನಿಂತಿತು. ಅಂಥವುಗಳಲ್ಲಿ ಲಿನಕ್ಸ್ ಇಂದಿಗೂ ಸರಾಗವಾಗಿ ನಡೆಯುತ್ತದೆ. ಅದನ್ನು ಪರೀಕ್ಷಿಸಿ ನೋಡಿದ ಬಳಿಕವೇ ಹೊಸ ಯಂತ್ರಕ್ಕೆ ಹಣ ಮಂಜೂರು ಮಾಡಿದ ಸಂಸ್ಥೆಗಳೆಷ್ಟು?