ಕಡ್ಡಿ ಕೆಳಗಿಟ್ಟ ಮೇಲೆ

ಕಡ್ಡಿಗಳನ್ನು ಕೆಳಗಿಟ್ಟೊಡನೆ ಹೆಣಿಗೆ ಮುಗಿಯಿತೆಂದು ನಾವು ಬಗೆಯುತ್ತೇವೆ. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್ಲೆಂಡ್ ದ್ವೀಪಗಳ ಹೆಂಗಸರು ಹಾಗೆ ಬಗೆದವರಲ್ಲ. ಮದುವೆಯುಂಗುರದೊಳಗೆ ನುಸುಳುವಷ್ಟು ನವುರಾದ ಅವರ ಶಾಲು, ಕಡ್ಡಿಯಿಂದಿಳಿದಾಗ ಬರಿಯ ಸುಕ್ಕುಮುದ್ದೆ. ತಿಂಗಳುಗಳ ಕುಸುರಿ ಅದರೊಳಗೆ ಅಡಗಿರುತ್ತದೆ. ಅದನ್ನು ಮೆಲ್ಲನೆ ತೊಳೆದು, ಅಂಚಿನ ಹಲ್ಲುಗಳಿಗೆ ದಾರ ಪೋಣಿಸಿ, ಮರದ ಚೌಕಟ್ಟಿಗೆ ಬಿಗಿದು ಒಣಗಿಸುವರು. ನೆನೆದ ಉಣ್ಣೆ ಹೇಳಿದಂತೆ ಕೇಳುತ್ತದೆ. ಒಣಗಿದ ರೂಪವನ್ನೇ ಉಳಿಸಿಕೊಳ್ಳುತ್ತದೆ. ಬಿಸಿನೀರಿನಲ್ಲಿ ಉಜ್ಜಿದರೋ, ಎಳೆಗಳು ಒಂದಕ್ಕೊಂದು ತೊಡರಿ ಕುಗ್ಗುತ್ತವೆ, ಮತ್ತೆ ಬಿಡಿಸಲಾಗದು.

ನಮ್ಮ ಮನೆಯ ಉಣ್ಣೆಯ ಸ್ವೆಟರಿಗೂ ಇದೇ ನ್ಯಾಯ. ಹಗ್ಗಕ್ಕೆ ನೇತುಹಾಕಿದರೆ ನೀರಿನ ಭಾರಕ್ಕೆ ಜೋಲುವುದು. ಹಿಂಡದೆ, ಒಣಬಟ್ಟೆಯಲ್ಲಿ ಸುತ್ತಿ ಒತ್ತಿ, ಅಳತೆಗೆ ಸರಿಯಾಗಿ ಚಾಪೆಯ ಮೇಲೆ ಹರಡಬೇಕು. ತಿಂಗಳ ದುಡಿಮೆಯನ್ನು ಉಳಿಸುವುದು ಕೊನೆಯ ದಿನದ ಈ ತಾಳ್ಮೆಯೇ.