ವಿದ್ವದ್ಗೋಷ್ಠಿಯೂ ಕಿರಿಯ ಸಂಶೋಧಕರೂ

ವಿದ್ಯೆಯು ಗುರುಮುಖದಿಂದ ದೊರೆಯುತ್ತದೆ, ಸ್ವಾಧ್ಯಾಯದಿಂದ ಬಲಿಯುತ್ತದೆ. ಆದರೆ ಬಲ್ಲವರ ಸಭೆಯಲ್ಲಿ ಒರೆಗಲ್ಲಿಗೆ ಹಚ್ಚಿದಾಗಲೇ ಅದರ ಬಣ್ಣ ತಿಳಿಯುತ್ತದೆ. ಪ್ರಾಚೀನ ಪದ್ಧತಿಯ ಪಾಠಶಾಲೆಗಳಲ್ಲಿ ಶಾಸ್ತ್ರಪಾಠ ಮುಗಿದ ಮಾತ್ರಕ್ಕೆ ಯಾರೂ ವಿದ್ವಾಂಸರೆನಿಸುತ್ತಿರಲಿಲ್ಲ. ವಾಕ್ಯಾರ್ಥಸಭೆಯಲ್ಲಿ ನಿಂತು, ಹಿರಿಯರು ಒಡ್ಡಿದ ಆಕ್ಷೇಪಗಳಿಗೆ ಸಮಾಧಾನ ಹೇಳಿದ ಬಳಿಕವೇ ಅವರಿಗೆ ಆ ಮನ್ನಣೆ ಸಲ್ಲುತ್ತಿತ್ತು. ಮೀಮಾಂಸಕರು ಒಂದು ಅಧಿಕರಣಕ್ಕೆ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ ಎಂಬ ಐದು ಅಂಗಗಳನ್ನು ಹೇಳಿದರು. ಸಂಶಯವಿಲ್ಲದೆ ವಿಚಾರವಿಲ್ಲ, ಪೂರ್ವಪಕ್ಷವಿಲ್ಲದೆ ಸಿದ್ಧಾಂತವಿಲ್ಲ ಎಂಬುದು ಇದರ ತಾತ್ಪರ್ಯ. ನೈಯಾಯಿಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತತ್ತ್ವನಿರ್ಣಯಕ್ಕಾಗಿ ನಡೆಯುವುದು ವಾದ, ಗೆಲುವಿಗಾಗಿ ನಡೆಯುವುದು ಜಲ್ಪ, ತನ್ನದೊಂದು ಪಕ್ಷವಿಲ್ಲದೆ ಪರಪಕ್ಷವನ್ನು ಖಂಡಿಸುವುದಷ್ಟೇ ವಿತಂಡ ಎಂದು ಬೇರ್ಪಡಿಸಿ ತೋರಿಸಿದರು.

ಶರಣಪರಂಪರೆಗೆ ಸಭೆಯ ಈ ಮಹತ್ತ್ವವನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅಲ್ಲಮಪ್ರಭುಗಳ ಅಧ್ಯಕ್ಷತೆಯಲ್ಲಿ ನಡೆದ ಅನುಭವಗೋಷ್ಠಿಯನ್ನು ಹದಿನೈದನೆಯ ಶತಮಾನದಲ್ಲಿ ಸಂಕಲನಗೊಂಡ ಶೂನ್ಯಸಂಪಾದನೆ ಸಂವಾದರೂಪದಲ್ಲಿಯೇ ಕಟ್ಟಿಕೊಟ್ಟಿದೆ. ಅಲ್ಲಿಗೆ ಹೊಸಬಳಾಗಿ ಬಂದ ಅಕ್ಕಮಹಾದೇವಿಯನ್ನು ಸಭೆಯು ಕೂಡಲೇ ಹಾರ ಹಾಕಿ ಬರಮಾಡಿಕೊಳ್ಳಲಿಲ್ಲ. ಕಠಿಣ ಪ್ರಶ್ನೆಗಳನ್ನು ಕೇಳಿತು. ಆಕೆಯೂ ಅಂಜದೆ ಉತ್ತರಿಸಿದಳು. ಬಳಿಕ ಅದೇ ಸಭೆ ಆಕೆಯ ಹಿರಿಮೆಯನ್ನು ತುಂಬುಮನಸ್ಸಿನಿಂದ ಒಪ್ಪಿಕೊಂಡಿತು. ಪ್ರಶ್ನಿಸುವುದು ಅಗೌರವವಲ್ಲ, ಪ್ರಶ್ನಿಸದೆ ಕಳುಹಿಸುವುದೇ ಅಗೌರವ ಎಂಬ ಪಾಠವು ಈ ಪ್ರಸಂಗದಲ್ಲಿ ಅಡಗಿದೆ.

ಸ್ನಾತಕೋತ್ತರ ಪದವಿಯನ್ನು ಪಡೆದು ಸಂಶೋಧನೆಗೆ ತೊಡಗಿರುವ ಇಂದಿನ ತರುಣ ತರುಣಿಯರಿಗೆ ವಿಚಾರಸಂಕಿರಣ, ಸಮ್ಮೇಳನ, ಕಮ್ಮಟಗಳೇ ಅಂಥ ಸಭೆಗಳು. ಆಧುನಿಕ ರೀತಿಯ ಈ ವ್ಯವಸ್ಥೆಯೂ ನಮ್ಮ ದೇಶಕ್ಕೆ ಹೊಸತಲ್ಲ. ಅಖಿಲ ಭಾರತ ಪ್ರಾಚ್ಯವಿದ್ಯಾ ಸಮ್ಮೇಳನದ ಮೊದಲನೆಯ ಅಧಿವೇಶನ 1919ರಲ್ಲಿ ಪುಣೆಯಲ್ಲಿ ನಡೆಯಿತು. 1935ರಲ್ಲಿ ಅದು ಮೈಸೂರಿಗೂ ಬಂದಿತು. ಭಾರತೀಯ ಇತಿಹಾಸ ಕಾಂಗ್ರೆಸ್ಸು 1935ರಲ್ಲಿ ಆರಂಭವಾಯಿತು. ದೂರದೂರದ ಊರುಗಳಲ್ಲಿ ಒಬ್ಬೊಬ್ಬರೇ ಕುಳಿತು ತಾಳೆಯೋಲೆಗಳನ್ನೂ ಶಾಸನಗಳನ್ನೂ ಓದುತ್ತಿದ್ದವರು ಪರಸ್ಪರ ಮುಖ ಕಂಡು, ಒಬ್ಬರ ಓದನ್ನು ಇನ್ನೊಬ್ಬರು ತಿದ್ದುವುದಕ್ಕೆ ಇಂಥ ಕೂಟಗಳಿಂದ ಅನುಕೂಲವಾಯಿತು.

ಆದರೆ ಈಚಿನ ವರ್ಷಗಳಲ್ಲಿ ಗೋಷ್ಠಿಗಳ ಸಂಖ್ಯೆ ಬೆಳೆದಷ್ಟು ಅವುಗಳ ಸತ್ತ್ವ ಬೆಳೆದಿದೆಯೆಂದು ಹೇಳಲಾಗದು. ಇದಕ್ಕೆ ನಿಯಮಗಳೂ ಒಂದು ಕಾರಣ. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2016ರಲ್ಲಿ ಹೊರಡಿಸಿದ ನಿಯಮಾವಳಿಯಲ್ಲಿ, ಪಿಎಚ್.ಡಿ. ವಿದ್ಯಾರ್ಥಿಯು ಮಹಾಪ್ರಬಂಧವನ್ನು ಒಪ್ಪಿಸುವ ಮೊದಲು ಒಂದು ಲೇಖನವನ್ನು ಪ್ರಕಟಿಸಿ, ಎರಡು ಗೋಷ್ಠಿಗಳಲ್ಲಿ ಪ್ರಬಂಧ ಮಂಡಿಸಿರಬೇಕೆಂದು ವಿಧಿಸಿತು. ಉದ್ದೇಶ ಒಳ್ಳೆಯದೇ, ವಿದ್ಯಾರ್ಥಿಯು ಗ್ರಂಥಾಲಯದ ಮೂಲೆಯಿಂದ ಎದ್ದು ಬಂದು ತನ್ನ ಮಾತನ್ನು ನಾಲ್ವರ ಮುಂದೆ ಇಡಲಿ ಎಂಬುದು. 2018ರ ನೇಮಕಾತಿ ನಿಯಮಗಳ ಕೋಷ್ಟಕದಲ್ಲಿ ವಿದೇಶದ ಅಂತರರಾಷ್ಟ್ರೀಯ ಗೋಷ್ಠಿಗೆ 7, ದೇಶದೊಳಗಿನ ಅಂತರರಾಷ್ಟ್ರೀಯ ಗೋಷ್ಠಿಗೆ 5, ರಾಷ್ಟ್ರೀಯಕ್ಕೆ 3, ರಾಜ್ಯಮಟ್ಟದ್ದಕ್ಕೆ 2 ಎಂದು ಅಂಕಗಳೂ ಗೊತ್ತಾದವು. ಪ್ರಬಂಧದ ತೂಕವನ್ನು ನೋಡುವ ಬದಲು ಫಲಕದ ಮೇಲಿನ ವಿಶೇಷಣವನ್ನು ನೋಡುವ ಅಭ್ಯಾಸಕ್ಕೆ ಇದು ಎಡೆಗೊಟ್ಟಿತು. ಒಂದೇ ಜಿಲ್ಲೆಯವರು ಸೇರಿದ ಸಭೆಗೂ ‘ಅಂತರರಾಷ್ಟ್ರೀಯ’ ಎಂಬ ಬಿರುದು ಬರತೊಡಗಿತು.

ಲೆಕ್ಕವೊಂದನ್ನು ಹಾಕಿ ನೋಡಬಹುದು. ಒಂದು ದಿನದ ಗೋಷ್ಠಿಯಲ್ಲಿ ಉದ್ಘಾಟನೆ, ಸನ್ಮಾನ, ಭೋಜನಗಳನ್ನು ಕಳೆದು ಆರು ಗಂಟೆಗಳ ಕಾಲ ಉಳಿಯಿತೆನ್ನೋಣ. ಅದರಲ್ಲಿ 60 ಪ್ರಬಂಧಗಳನ್ನು ಓದಿಸಿದರೆ ಒಬ್ಬೊಬ್ಬರಿಗೆ ದೊರೆಯುವುದು ಆರೇ ನಿಮಿಷ. ಪ್ರಶ್ನೆಗೆ ಒಂದು ನಿಮಿಷವೂ ಇಲ್ಲ. ಮೂರು ವರ್ಷ ದುಡಿದು ಸಿದ್ಧಪಡಿಸಿದ ವಿಷಯವನ್ನು ಅವಸರವಸರವಾಗಿ ಓದಿ, ಪ್ರಮಾಣಪತ್ರವನ್ನು ಚೀಲಕ್ಕೆ ಸೇರಿಸಿ, ರಾತ್ರಿಯ ಬಸ್ಸು ಹಿಡಿಯುವ ವಿದ್ಯಾರ್ಥಿಗೆ ದೊರೆತ ಲಾಭವೇನು? ಆತನ ಪ್ರತಿಜ್ಞೆಯಲ್ಲಿ ದೋಷವಿದ್ದರೆ ಅದು ಹಾಗೆಯೇ ಉಳಿಯಿತು. ಗುಣವಿದ್ದರೆ ಅದನ್ನು ಗುರುತಿಸಿದವರಿಲ್ಲ. ಇದು ವಾದವೂ ಅಲ್ಲ, ಜಲ್ಪವೂ ಅಲ್ಲ, ವಿತಂಡವೂ ಅಲ್ಲ. ಗೌತಮರ ಸೂತ್ರದಲ್ಲಿ ಇದಕ್ಕೆ ಹೆಸರೇ ಇಲ್ಲ.

ವೆಚ್ಚದ ಭಾರವೂ ಅಲ್ಪವಲ್ಲ. ಕಿರಿಯ ಸಂಶೋಧನ ಶಿಷ್ಯವೇತನವನ್ನು 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿಗೆ ಏರಿಸಲಾಯಿತೆಂಬುದು ಸಂತೋಷದ ಸಂಗತಿ. ಆದರೆ ಅದು ರಾಷ್ಟ್ರೀಯ ಅರ್ಹತಾ ಪರೀಕ್ಷೆಯಲ್ಲಿ ಮೇಲಿನ ಸ್ಥಾನ ಪಡೆದವರಿಗೆ ಮಾತ್ರ. ಉಳಿದವರು ಅತಿಥಿ ಉಪನ್ಯಾಸಕರಾಗಿ ದುಡಿಯುತ್ತಲೋ, ಹೊಲಮನೆಯ ಕೆಲಸದ ನಡುವೆಯೋ ಸಂಶೋಧನೆಯನ್ನು ಸಾಗಿಸಬೇಕು. ಅಂಥವರಿಂದ ನೋಂದಣಿ ಶುಲ್ಕ, ಪ್ರಯಾಣವೆಚ್ಚ, ವಸತಿವೆಚ್ಚ, ಕೊನೆಗೆ ಸಂಪುಟದಲ್ಲಿ ಲೇಖನ ಸೇರಿಸುವ ಶುಲ್ಕ ಎಂದು ನಾಲ್ಕು ಬಾರಿ ವಸೂಲು ಮಾಡುವ ಗೋಷ್ಠಿಯು ಜ್ಞಾನಕಾರ್ಯವೆನಿಸುವುದಾದರೂ ಹೇಗೆ?

2020ರ ಮಹಾಮಾರಿಯ ಕಾಲದಿಂದ ವೆಬಿನಾರುಗಳು ಬಂದು, ಹಳ್ಳಿಯಲ್ಲಿ ಕುಳಿತವರೂ ದೂರದ ವಿದ್ವಾಂಸರ ಮಾತನ್ನು ಖರ್ಚಿಲ್ಲದೆ ಕೇಳುವಂತಾಯಿತು. ಇದು ನಿಜವಾದ ಉಪಕಾರ. ಆದರೆ ಚಹದ ವಿರಾಮದಲ್ಲಿ ಹಿರಿಯರೊಬ್ಬರು ಕಿರಿಯನ ಹೆಗಲ ಮೇಲೆ ಕೈಯಿಟ್ಟು, “ಆ ಹಸ್ತಪ್ರತಿಯ ಇನ್ನೊಂದು ಪ್ರತಿ ಇಂಥ ಮಠದಲ್ಲಿದೆ, ಹೋಗಿ ನೋಡಪ್ಪಾ” ಎಂದು ಹೇಳುವ ಮಾತು ಯಂತ್ರದ ಪರದೆಯ ಮೇಲೆ ಹುಟ್ಟುವುದು ಅಪರೂಪ. ಅನೇಕ ಸಂಶೋಧನೆಗಳ ದಿಕ್ಕು ಬದಲಾಗುವುದು ಇಂಥ ಮಾತಿನಿಂದಲೇ.

2022ರ ನವೆಂಬರಿನಲ್ಲಿ ಪ್ರಕಟವಾದ ಹೊಸ ನಿಯಮಾವಳಿಯಲ್ಲಿ ಧನಸಹಾಯ ಆಯೋಗವು ಪ್ರಬಂಧಮಂಡನೆಯ ಆ ಕಡ್ಡಾಯವನ್ನು ಕೈಬಿಟ್ಟಿತು. ಇನ್ನು ಗೋಷ್ಠಿಗಳೇ ಬೇಡವೆಂದು ಕೆಲವರು ಇದಕ್ಕೆ ಅರ್ಥ ಹಚ್ಚಬಹುದು. ಅದು ಸರಿಯಲ್ಲ. ಬಲವಂತಕ್ಕಾಗಿ ಬರುವವರ ಗುಂಪು ಕರಗಿದಾಗಲೇ ಜಿಜ್ಞಾಸೆಗಾಗಿ ಬರುವವರಿಗೆ ಜಾಗ ದೊರೆಯುತ್ತದೆ. ಗೋಷ್ಠಿಯನ್ನು ಅದರ ಮೂಲ ಪ್ರಯೋಜನಕ್ಕೆ ತಿರುಗಿಸಲು ಇದಕ್ಕಿಂತ ಒಳ್ಳೆಯ ಅವಕಾಶವಿಲ್ಲ.

ಅದಕ್ಕೆ ಮಾಡಬೇಕಾದುದು ಬಹಳವೇನೂ ಅಲ್ಲ. ಮೊದಲನೆಯದಾಗಿ, ಪ್ರಬಂಧಗಳ ಸಂಖ್ಯೆಯನ್ನು ಮಿತಗೊಳಿಸಬೇಕು. ಅದೇ ಆರು ಗಂಟೆಗಳಲ್ಲಿ ಎಂಟು ಪ್ರಬಂಧಗಳಿಗೆ ಸ್ಥಾನ ಕೊಟ್ಟರೆ, ಪ್ರತಿಯೊಂದಕ್ಕೆ ಮಂಡನೆಗೆ 20 ನಿಮಿಷ, ಚರ್ಚೆಗೆ 20 ನಿಮಿಷ ಕೊಟ್ಟೂ ಸಮಯ ಮಿಗುತ್ತದೆ. ಎರಡನೆಯದಾಗಿ, ಪ್ರಬಂಧವನ್ನು ತಿಂಗಳ ಮೊದಲೇ ತರಿಸಿಕೊಂಡು, ಆ ವಿಷಯವನ್ನು ಬಲ್ಲ ಹಿರಿಯರೊಬ್ಬರಿಗೆ ಓದಲು ಕೊಟ್ಟು, ಅವರಿಂದ ಪೂರ್ವಪಕ್ಷವನ್ನು ಮಂಡಿಸಬೇಕು. ಮೂರನೆಯದಾಗಿ, ಸಂಪುಟವನ್ನು ಅಚ್ಚು ಮಾಡುವಾಗ ಪ್ರಬಂಧದೊಡನೆ ಕೇಳಿದ ಪ್ರಶ್ನೆ, ಕೊಟ್ಟ ಉತ್ತರಗಳನ್ನೂ ಸೇರಿಸಬೇಕು. ನಾಲ್ಕನೆಯದಾಗಿ, ಶಿಷ್ಯವೇತನವಿಲ್ಲದವರಿಂದ ಶುಲ್ಕವನ್ನು ತೆಗೆದುಕೊಳ್ಳಬಾರದು.

ಕಿರಿಯರ ಹೊಣೆಯೂ ಇದೆ. ಹಣ ಕಟ್ಟಿದೊಡನೆ ಪ್ರಬಂಧವನ್ನು ಸ್ವೀಕರಿಸುವ ಕರೆಪತ್ರಗಳನ್ನು ನಂಬಬಾರದು. ಗೋಷ್ಠಿಯನ್ನು ನಡೆಸುವವರಾರು, ಹಿಂದಿನ ಸಂಪುಟಗಳು ಎಲ್ಲಿವೆ ಎಂಬುದನ್ನು ಮಾರ್ಗದರ್ಶಕರೊಡನೆ ಕೂಡಿ ವಿಚಾರಿಸಬೇಕು. ಭಾರತೀಯ ಸಮಾಜವಿಜ್ಞಾನ ಸಂಶೋಧನ ಪರಿಷತ್ತು, ಭಾರತೀಯ ಇತಿಹಾಸ ಸಂಶೋಧನ ಪರಿಷತ್ತುಗಳಂಥ ಸಂಸ್ಥೆಗಳ ಸಹಾಯಯೋಜನೆಗಳನ್ನು ಆಗಾಗ ಗಮನಿಸುತ್ತಿರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ತಮ್ಮ ಪ್ರಬಂಧ ಮುಗಿದೊಡನೆ ಎದ್ದು ಹೋಗದೆ, ಇತರರ ಪ್ರಬಂಧಕ್ಕೂ ಕಿವಿಗೊಡಬೇಕು. ಕೇಳಲಾರದವರಿಗೆ ಹೇಳುವ ಅಧಿಕಾರವಿಲ್ಲ.

ಇದೆಲ್ಲವೂ ವಿಶ್ವವಿದ್ಯಾಲಯಗಳ ಮಾತು, ಒಂದು ಪ್ರೌಢಶಾಲೆಗೆ ಇದರಿಂದೇನು ಎಂದು ಕೇಳುವವರಿರಬಹುದು. ವಚನಸಾಹಿತ್ಯದ ಸಂಶೋಧನೆಯ ಇತಿಹಾಸವೇ ಇದಕ್ಕೆ ಉತ್ತರ ಕೊಡುತ್ತದೆ. ಫ. ಗು. ಹಳಕಟ್ಟಿಯವರು ವೃತ್ತಿಯಿಂದ ವಕೀಲರು, ಯಾವ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೂ ಅಲ್ಲ. ಅವರು ಊರೂರು ಅಲೆದು ತಾಳೆಯೋಲೆಗಳನ್ನು ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಗದುಗಿನ ತೋಂಟದಾರ್ಯ ಮಠದ ಅಧ್ಯಯನ ಸಂಸ್ಥೆಯು ಪ್ರಕಟಿಸಿದ ಗ್ರಂಥಗಳು, ಮಠವೊಂದು ಮನಸ್ಸು ಮಾಡಿದರೆ ವಿದ್ವತ್ತಿಗೆ ಎಂಥ ಆಶ್ರಯವಾಗಬಲ್ಲುದೆಂಬುದಕ್ಕೆ ಸಾಕ್ಷಿಯಾಗಿವೆ.

ಮಠಗಳಲ್ಲಿ ಶಿವಾನುಭವಗೋಷ್ಠಿಗಳು ನಡೆದುಕೊಂಡು ಬಂದಿವೆ. ವರ್ಷದಲ್ಲಿ ಅಂಥ ಎರಡು ಗೋಷ್ಠಿಗಳನ್ನಾದರೂ, ಈ ಶಾಲೆಯಲ್ಲಿ ಅಕ್ಷರ ಕಲಿತು ಇಂದು ಸಂಶೋಧನೆಯಲ್ಲಿ ತೊಡಗಿರುವ ಕಿರಿಯರಿಗೆ ಮೀಸಲಿಡಬಹುದು. ಅಲ್ಲಿ ಅವರು ತಮ್ಮ ವಿಷಯವನ್ನು ಊರಿನವರಿಗೂ ತಿಳಿಯುವ ಕನ್ನಡದಲ್ಲಿ ಹೇಳಲಿ; ಶಿಕ್ಷಕರು ಪ್ರಶ್ನಿಸಲಿ; ಮೇಲಿನ ತರಗತಿಯ ಮಕ್ಕಳು ಕುಳಿತು ಕೇಳಲಿ. ಹಳೆಯ ವಿದ್ಯಾರ್ಥಿಗಳು ಸಂಕಲ್ಪ ಮಾಡಿದರೆ, ದೂರದ ಸಮ್ಮೇಳನಕ್ಕೆ ಆಯ್ಕೆಯಾದ ಬಡ ಸಂಶೋಧಕರ ರೈಲುವೆಚ್ಚವನ್ನು ಭರಿಸಲು ಒಂದು ಸಣ್ಣ ನಿಧಿಯನ್ನು ಕೂಡಿಸುವುದು ಅಸಾಧ್ಯವೇನಲ್ಲ. ಕಟ್ಟಡಕ್ಕೆ ಕೊಟ್ಟ ದಾನ ಕಲ್ಲಿನಲ್ಲಿ ಕಾಣುತ್ತದೆ. ಈ ದಾನ ಕಲ್ಲಿನಲ್ಲಿ ಕಾಣದೆ ಇದ್ದರೂ, ತಲೆಮಾರುಗಳ ಓದಿನಲ್ಲಿ ಉಳಿಯುತ್ತದೆ.

ಹಸಿದು ಬಂದವರಿಗೆ ಅನ್ನವಿಕ್ಕುವುದು ದಾಸೋಹವಾದರೆ, ತಿಳಿಯಬಯಸಿ ಬಂದವರಿಗೆ ಒಳ್ಳೆಯ ಪ್ರಶ್ನೆಯೊಂದನ್ನು ಕೊಡುವುದೂ ದಾಸೋಹವೇ. ಅನ್ನದಾಸೋಹದಲ್ಲಿ ಕೊರತೆ ಬಾರದಂತೆ ನೋಡಿಕೊಂಡ ಭಕ್ತಸಮೂಹವು ಈ ಜ್ಞಾನದಾಸೋಹಕ್ಕೂ ಕೈ ಜೋಡಿಸಿದರೆ, ಕಿರಿಯ ಸಂಶೋಧಕರು ಪ್ರಮಾಣಪತ್ರಗಳಿಗಾಗಿ ಅಲೆಯುವುದನ್ನು ಬಿಟ್ಟು, ಪ್ರಮಾಣಗಳನ್ನು ಅರಸುವ ದಾರಿಗೆ ಬರುವುದರಲ್ಲಿ ಸಂದೇಹವಿಲ್ಲ.