ಚೀಲಕ್ಕೆ ಮೊದಲು ಸೇರಬೇಕಾದ ವಸ್ತು

ಕಳೆದ ತಿಂಗಳು ನನ್ನ ಸೋದರಳಿಯ ಅಮೆರಿಕದಿಂದ ಬಂದಿದ್ದ. ಬೆನ್ನಿಗೊಂದು ಕ್ಯಾಮೆರಾ ಚೀಲ. ನಮ್ಮ ಕಾಲದಲ್ಲಿ ಹಾಸ್ಟೆಲಿಗೆ ಹೊರಟ ಹುಡುಗ ಹೊತ್ತೊಯ್ಯುತ್ತಿದ್ದ ಹಾಸಿಗೆ ಸುರುಳಿಗಿಂತ ಅದು ಚಿಕ್ಕದೇನೂ ಆಗಿರಲಿಲ್ಲ. ಒಳಗೆ ಒಂದು ಕ್ಯಾಮೆರಾ, ನಾಲ್ಕು ಲೆನ್ಸ್, ಮಡಚುವ ಟ್ರೈಪಾಡು, ಲ್ಯಾಪ್‌ಟಾಪು, ಒರೆಸುವ ಬಟ್ಟೆ, ಗಾಳಿ ಊದುವ ರಬ್ಬರ್ ಬುರುಡೆ. ಒಂದೊಂದಕ್ಕೂ ಒಂದೊಂದು ಗೂಡು. ನೋಡಲು ಸೊಗಸಾಗಿಯೇ ಇತ್ತೆಂದು ಒಪ್ಪಿಕೊಳ್ಳುತ್ತೇನೆ.

ಮೊದಲ ದಿನ ಕುಂತಿಬೆಟ್ಟಕ್ಕೆ ಹೋದೆವು. ನಾನು ಈ ವಯಸ್ಸಿನಲ್ಲಿ ಬೆಟ್ಟ ಹತ್ತುವವನಲ್ಲ, ಕೆಳಗೇ ಕುಳಿತೆ. ಅರ್ಧ ದಾರಿಯಿಂದಲೇ ಏದುಸಿರು ಬಿಡುತ್ತ ಹಿಂತಿರುಗಿದ ಅವನು, "ಮಾವ, ಈ ಚೀಲ ಹೊತ್ತು ಬಂಡೆ ಹತ್ತೋಕಾಗಲ್ಲ" ಎಂದ. ಮರುದಿನ ಮೇಲುಕೋಟೆ. ಅವನ ತಾಯಿ, ಅಂದರೆ ನನ್ನ ತಂಗಿ, ಮಂಡಿನೋವಿನಿಂದ ಮನೆ ಬಿಟ್ಟು ಹೊರಡುವುದೇ ಅಪರೂಪ. ಅಂದು ಕಲ್ಯಾಣಿಯ ಮೆಟ್ಟಿಲ ಮೇಲೆ ಕುಳಿತು, ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, "ಈಗ ತೆಗಿಯೋ" ಎಂದಳು. ಕ್ಯಾಮೆರಾ ಮಾತಾಡಲಿಲ್ಲ. ಬ್ಯಾಟರಿ ಮುಗಿದಿತ್ತು. ಇನ್ನೊಂದು ಬ್ಯಾಟರಿ ತಂದೇ ಇರಲಿಲ್ಲ. ಚಾರ್ಜರು ಬೆಂಗಳೂರಿನಲ್ಲಿ ಉಳಿದಿತ್ತು. ನಾಲ್ಕು ಲೆನ್ಸ್‌ಗಳಿಗೆ ಜಾಗವಿದ್ದ ಚೀಲದಲ್ಲಿ ಬೆಂಕಿಪೊಟ್ಟಣದಷ್ಟಿರುವ ಬ್ಯಾಟರಿಗೆ ಜಾಗವಿರಲಿಲ್ಲ! ಕೊನೆಗೆ ಫೋನಿನಲ್ಲಿ ತೆಗೆದ. ಚಿತ್ರ ಚೆನ್ನಾಗಿಯೇ ಬಂದಿದೆ. ಆದರೆ ಅವನ ಮುಖ ಸಪ್ಪಗಾಯಿತು.

ಅವನನ್ನು ನೋಡಿ ನಗುವ ಹಕ್ಕು ನನಗಿಲ್ಲ. ಇದಕ್ಕಿಂತ ದೊಡ್ಡ ತಪ್ಪನ್ನು ನಾನೇ ಮಾಡಿದ್ದೇನೆ.

ಹಳೆಯ ವಿದ್ಯಾರ್ಥಿಗಳಿಗೆ ನನ್ನ ಕ್ಯಾಮೆರಾ ಹುಚ್ಚು ನೆನಪಿರಬಹುದು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಕೊಂಡದ್ದು ಆಗ್ಫಾ ಕ್ಲಿಕ್-3. ಒಂದು ರೋಲಿಗೆ ಹನ್ನೆರಡೇ ಚಿತ್ರ. ಲೆನ್ಸ್ ಬದಲಿಸುವ ಪ್ರಶ್ನೆಯೇ ಇಲ್ಲದ್ದರಿಂದ ಚೀಲದ ಚಿಂತೆಯೂ ಇರಲಿಲ್ಲ. ಕೊರಳಿಗೆ ಕ್ಯಾಮೆರಾ, ಜೇಬಿಗೆ ಇನ್ನೊಂದು ರೋಲು. ಆಮೇಲೆ ಮಸ್ಕತ್ತಿನಿಂದ ಬಂದ ಬಂಧುವೊಬ್ಬರು ಪೆಂಟಾಕ್ಸ್ ಕೆ-1000 ತಂದುಕೊಟ್ಟರು. ಅದರ ಬೆನ್ನಿಗೇ 28 ಮಿಲಿಮೀಟರಿನದೊಂದು, 135ರದೊಂದು ಲೆನ್ಸ್ ಬಂದವು. ಫ್ಲ್ಯಾಶ್ ಬಂತು. ಚೀಲ ದೊಡ್ಡದಾಯಿತು, ನನ್ನ ಜಂಭವೂ ಕೂಡ.

1987ರ ಮಾರ್ಚ್. ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳ ಬೀಳ್ಕೊಡುಗೆ. ಆ ತಿಂಗಳ ಕೊನೆಗೇ ನಮ್ಮ ಜವಾನನೂ ನಿವೃತ್ತನಾಗುವವನಿದ್ದ. ಅವನ ಹೆಸರು ಇಲ್ಲಿ ಬೇಡ. ಗಂಟೆ ಹೊಡೆಯುತ್ತಿದ್ದ ಆ ಕೈಯನ್ನು ನೀವಾರೂ ಮರೆತಿರಲಾರಿರಿ. ಹಿಂದಿನ ರಾತ್ರಿ ಚೀಲ ತುಂಬುವಾಗ ಫ್ಲ್ಯಾಶ್ ಹಿಡಿಸಲಿಲ್ಲ. ಮೂಲೆಯಲ್ಲಿದ್ದ ಹೊಸ ಫಿಲ್ಮ್ ರೋಲನ್ನು ತೆಗೆದು ಮೇಜಿನ ಮೇಲಿಟ್ಟು, ಆ ಜಾಗಕ್ಕೆ ಫ್ಲ್ಯಾಶ್ ತುರುಕಿದೆ. ಮೂವತ್ತಾರು ಚಿತ್ರ ಸಾಕಾಗುತ್ತದೆ ಎಂಬ ಲೆಕ್ಕ. ಅತಿಥಿಗಳ ಭಾಷಣಕ್ಕೇ ಹನ್ನೆರಡು ಹೋದವು, ಬಹುಮಾನ ವಿತರಣೆಗೆ ಹದಿನೈದು. ಸಂಜೆ ಬೆಂಚುಗಳನ್ನು ಒಳಗಿಟ್ಟು ಬಂದ ಅವನು ಪೇಟ ಸರಿಮಾಡಿಕೊಂಡು ನಿಂತ. "ಸಾ, ನಂದೂ ಒಂದ್ ಫೋಟೋ ತಗೀರಿ ಸಾ." ಆ ಹೊತ್ತಿಗೆ ರೋಲು ಮುಗಿದಿತ್ತು. "ನಾಳೆ ತೆಗೆಯೋಣ ಬಿಡಪ್ಪಾ" ಎಂದೆ. ಆ ನಾಳೆ ಪರೀಕ್ಷೆಯ ಗಡಿಬಿಡಿಯಲ್ಲಿ ಕಳೆಯಿತು, ಬೇಸಿಗೆ ರಜೆ ಬಂತು. ಶ್ರಾವಣದಲ್ಲಿ ಅವನು ತೀರಿಕೊಂಡ.

ತಿಥಿಗೆ ಇಡಲು ಫೋಟೋ ಬೇಕೆಂದು ಅವನ ಮಗ ನನ್ನ ಮನೆಗೆ ಬಂದ. ಅವರ ಮನೆಯಲ್ಲಿ ಒಂದೂ ಇರಲಿಲ್ಲ. ಮಕ್ಕಳ ಗುಂಪು ಫೋಟೋ ಒಂದರ ಅಂಚಿನಲ್ಲಿ ಅವನು ನಿಂತಿದ್ದ. ಅರ್ಧ ಮುಖ ಮುಂದಿನ ಹುಡುಗನ ಭುಜದ ಮರೆಗೆ. ಮೈಸೂರಿನಲ್ಲಿ ಅದನ್ನೇ ದೊಡ್ಡದು ಮಾಡಿಸಿ ಕೊಟ್ಟೆ. ಆ ಅರ್ಧ ಮುಖವೇ ಇಂದಿಗೂ ಅವರ ಗೋಡೆಯ ಮೇಲಿದೆ. ಮೇಜಿನ ಮೇಲೆ ಬಿಟ್ಟುಹೋದ ಆ ರೋಲು ಕಾಫಿಯ ಲೋಟಕ್ಕಿಂತ ಚಿಕ್ಕದು.

ಹೀಗಾಗಿ ನನ್ನ ಅಭಿಪ್ರಾಯ ಇಷ್ಟೇ: ಚೀಲ ತುಂಬುವ ಕ್ರಮವನ್ನು ನಾವು ತಲೆಕೆಳಗು ಮಾಡಿಕೊಂಡಿದ್ದೇವೆ. ಬೆಲೆ ಬಾಳುವುದನ್ನು ಮೊದಲಿಟ್ಟು, ಉಳಿದ ಸಂದಿಗೊಂದಿಗಳಿಗೆ ಚಿಲ್ಲರೆ ಸಾಮಾನು ತುರುಕುತ್ತೇವೆ. ಖರ್ಚಾಗುವ ವಸ್ತು ಮೊದಲು ಚೀಲ ಸೇರಬೇಕು. ಅಂದಿಗೆ ಫಿಲ್ಮು, ಇಂದಿಗೆ ಬ್ಯಾಟರಿ ಮತ್ತು ಮೆಮೊರಿ ಕಾರ್ಡು. ಅನಂತರ ಕ್ಯಾಮೆರಾ. ಜಾಗ ಮಿಕ್ಕರೆ ಇನ್ನೊಂದು ಲೆನ್ಸ್. ಮಿಗದಿದ್ದರೆ ಅದು ಮನೆಯಲ್ಲಿರಲಿ, ದೊಡ್ಡ ಚೀಲ ಕೊಳ್ಳಬೇಡಿ.

ಒಂದೇ ಲೆನ್ಸಿನಲ್ಲಿ ಏನಾದೀತು ಎಂದು ಅಳಿಯ ಕೇಳಿದ. ಫ್ರಾನ್ಸಿನ ಕಾರ್ತಿಯೇ ಬ್ರೆಸೋನ್ ತನ್ನ ಬಹುಪಾಲು ಚಿತ್ರಗಳನ್ನು ಪುಟ್ಟ ಲೈಕಾ ಕ್ಯಾಮೆರಾ ಮತ್ತು 50 ಮಿಲಿಮೀಟರಿನ ಲೆನ್ಸಿನಿಂದಲೇ ತೆಗೆದ. 1948ರಲ್ಲಿ ಗಾಂಧೀಜಿಯವರ ಅಂತ್ಯಯಾತ್ರೆಯನ್ನು ಚಿತ್ರಿಸಿದವನೂ ಆತನೇ. ನಮ್ಮ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯಕ್ಕೆ ಹೋದರೆ ಭಿತ್ತಿಯ ಕೆಳಗಿನ ಆನೆ ಕುದುರೆಗಳ ಸಾಲಿಗೆ 50ರ ಲೆನ್ಸ್ ಧಾರಾಳ ಸಾಕು. ರಂಗನತಿಟ್ಟು ಮಾತ್ರ ಬೇರೆ. ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾದ ಆ ನಡುಗಡ್ಡೆಗಳ ಕೊಕ್ಕರೆಗಳಿಗೆ ಉದ್ದ ಲೆನ್ಸ್ ಬೇಕೇ ಬೇಕು. ಹಾಗಾದರೆ ಅಂದು ಉದ್ದದ್ದೊಂದನ್ನೇ ಒಯ್ಯಿರಿ. ಅಲುಗಾಡುವ ದೋಣಿಯಲ್ಲಿ ಕುಳಿತು ಲೆನ್ಸ್ ಬದಲಿಸುವುದು ಹೇಗೂ ಬುದ್ಧಿವಂತರ ಕೆಲಸವಲ್ಲ.

ಅಂಗಡಿಯ ಚೀಲವನ್ನು ನಾನು ಬಿಟ್ಟದ್ದು ಒಂದು ವೈರಮುಡಿಯಂದು. ಮಂಡ್ಯದ ಖಜಾನೆಯಿಂದ ಕಿರೀಟ ಬಂದು ಉತ್ಸವ ಹೊರಡುವ ರಾತ್ರಿ, ಮೇಲುಕೋಟೆಯ ಬೀದಿಯಲ್ಲಿ ಕಾಲಿಡಲು ಸ್ಥಳವಿರುವುದಿಲ್ಲ. ನಾನು ಚಿತ್ರಕ್ಕೆಂದು ತಿರುಗಿದಾಗ ಚೀಲದ ಲೋಹದ ಕೊಂಡಿ, ಹಿಂದೆ ತಾಯಿಯ ಕಂಕುಳಲ್ಲಿದ್ದ ಮಗುವಿನ ಹಣೆಗೆ ಬಡಿಯಿತು. ಮಗು ಚೀರಿತು. ತಾಯಿ ಏನೂ ಅನ್ನಲಿಲ್ಲ, ಸುಮ್ಮನೆ ನನ್ನನ್ನು ನೋಡಿದಳು. ಬೈದಿದ್ದರೇ ವಾಸಿಯಾಗಿತ್ತು.

ಊರಿಗೆ ಬಂದವನೇ ಹಳೆಯ ಪ್ರಶ್ನೆಪತ್ರಿಕೆಯ ಹಿಂಬದಿಯಲ್ಲಿ ಸಾಮಾನುಗಳನ್ನಿಟ್ಟು ಸುತ್ತ ಪೆನ್ಸಿಲಿನಿಂದ ಗೆರೆ ಎಳೆದೆ. ಲೆನ್ಸನ್ನು ಮಲಗಿಸುವುದಕ್ಕಿಂತ ನಿಲ್ಲಿಸಿದರೆ ಕಡಿಮೆ ಜಾಗ ಸಾಕು. ಕ್ಯಾಮೆರಾವನ್ನು ಅದರ ಲೆನ್ಸ್ ಸಮೇತ ಕೆಳಮುಖವಾಗಿ ನಡುವೆ ಇಳಿಸಿದರೆ ಅತ್ತಿತ್ತ ಎರಡು ಗೂಡು ಉಳಿಯುತ್ತವೆ. ಆ ಅಳತೆಗೆ ದರ್ಜಿಯಿಂದ ಖಾಕಿ ಬಟ್ಟೆಯ ಹೆಗಲ ಚೀಲ ಹೊಲಿಸಿದೆ: ಒಂದಡಿ ಉದ್ದ, ಎಂಟು ಅಂಗುಲ ಎತ್ತರ, ಐದು ಅಂಗುಲ ಅಗಲ. ಒಳಗೋಡೆಗೆ ಹಳೆಯ ಪಂಚೆಯಲ್ಲಿ ಸುತ್ತಿದ ಸ್ಪಂಜು. ಬಸ್ಸಿನಲ್ಲಿ ತೊಡೆಯ ಮೇಲೆ ಕೂರುತ್ತದೆ, ಜನಸಂದಣಿಯಲ್ಲಿ ಎದೆಯ ಮುಂದಕ್ಕೆ ಬರುತ್ತದೆ. ತಿಂಡಿಗೆ ಇದರಲ್ಲಿ ಪ್ರವೇಶವಿಲ್ಲ. ಮೇಲುಕೋಟೆಯ ಕೋತಿಗಳು ಚಕ್ಕುಲಿಗಾಗಿ ಕ್ಯಾಮೆರಾ ಸಮೇತ ಚೀಲವನ್ನೇ ಎಳೆದಾವು.

ಮಳೆಗಾಲದಲ್ಲಿ ಮನೆಗೆ ಬಂದೊಡನೆ ಚೀಲ ಬರಿದು ಮಾಡಬೇಕು. ಸ್ಪಂಜು ತೇವ ಹಿಡಿದುಕೊಂಡರೆ ಲೆನ್ಸಿನೊಳಗೆ ಜೇಡರಬಲೆಯಂತೆ ಬೂಷ್ಟು ಹರಡುತ್ತದೆ. ನಾನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆಗೆ ಇಡುತ್ತೇನೆ. ನೀಲಿ ಹರಳು ತೇವ ಹೀರಿ ಗುಲಾಬಿಯಾದಾಗ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. (ಅದಕ್ಕೆ ದೋಸೆಯ ಹೆಂಚು ಕೇಳಿದಾಗ ನಮ್ಮ ಮನೆಯವರು ಕೊಡಲಿಲ್ಲ. ಅವರದೇ ಸರಿ, ಆ ಬಣ್ಣ ಹೊಟ್ಟೆಗೆ ಹೋಗಬಾರದು. ಬೇರೆಯೇ ಬಾಣಲೆ ಇಟ್ಟುಕೊಳ್ಳಿ.) ವಿಮಾನ ಹತ್ತುವವರಿಗೆ ಇನ್ನೊಂದು ಮಾತು: ಹೆಚ್ಚುವರಿ ಲಿಥಿಯಂ ಬ್ಯಾಟರಿಗಳನ್ನು ಕೆಳಗಿನ ಸಾಮಾನಿಗೆ ಹಾಕುವಂತಿಲ್ಲ, ಕೈಚೀಲದಲ್ಲೇ ಒಯ್ಯಬೇಕು.

ಅಳಿಯ ಹೋಗುವಾಗ ಟ್ರೈಪಾಡನ್ನು ನಮ್ಮ ಅಟ್ಟದ ಮೇಲೆ ಬಿಟ್ಟುಹೋಗಿದ್ದಾನೆ. ಖಾಕಿ ಚೀಲದ ಅಳತೆ ಬರೆದುಕೊಂಡು ಹೋದ.

ಈಗೊಂದು ಕೋರಿಕೆ. 1987ರವರೆಗೆ ನಮ್ಮ ಶಾಲೆಯಲ್ಲಿ ಓದಿದವರು ನಿಮ್ಮ ಮನೆಯ ಟ್ರಂಕು, ಆಲ್ಬಮ್ಮುಗಳಲ್ಲಿರುವ ಗುಂಪು ಫೋಟೋಗಳನ್ನು ದಯವಿಟ್ಟು ಒಮ್ಮೆ ತೆಗೆದು ನೋಡಿ, ಮುಖ್ಯವಾಗಿ ಎರಡೂ ಅಂಚುಗಳನ್ನು. ಪೇಟ ಸುತ್ತಿದ ಆ ಮನುಷ್ಯನ ಪೂರ್ಣ ಮುಖ ಎಲ್ಲಿಯಾದರೂ ಕಂಡರೆ ನನಗೆ ತಿಳಿಸಿ. ಅವನ ಮೊಮ್ಮಗ ಮೊನ್ನೆ ಸಂತೆಯಲ್ಲಿ ಸಿಕ್ಕಿ ಮತ್ತೆ ಕೇಳಿದ.